ಭೂತಗನ್ನಡಿ ಓದದ ಕಡತ

ನಮ್ಮ ಭಾವನನ್ನು ಕಂಡರೆ ನನಗೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಮೇಲೆ ಯಾರೂ 'ಪಾಪ, ಭಾವನ ಮೇಲೆ ಎಷ್ಟು ಅಭಿಮಾನ ಇವಳಿಗೆ' ಅಂತ ಕಣ್ಣೊರೆಸಿಕೊಳ್ಳುವುದು ಬೇಡ. ಅಕ್ಕನ ಮದುವೆಯಾದಾಗ ನನಗೆ ಹದಿನಾರು, ಈಗ ನಲವತ್ತೊಂದು. ಈ ಇಪ್ಪತ್ತೈದು ವರ್ಷದಲ್ಲಿ ಆ ಮನುಷ್ಯ ನನ್ನ ತಲೆ ತಿಂದಷ್ಟು ಇನ್ಯಾರೂ ತಿಂದಿಲ್ಲ.

ನನ್ನ ಮದುವೆಯ ಕರೆಯೋಲೆ ಅಚ್ಚಾಗಿ ಬಂದ ದಿನ ಮನೆಯವರೆಲ್ಲ ಅದರ ಬಣ್ಣ ಚೆನ್ನಾಗಿದೆ ಅನ್ನುತ್ತಿದ್ದರೆ, ಇವರು ಒಂದು ಪ್ರತಿ ಹಿಡಿದು ಕಿಟಕಿಯ ಹತ್ತಿರ ಹೋದರು. ಅಡಿಕೋಲು ಇಟ್ಟುಕೊಂಡು ಸಾಲು ಸಾಲಾಗಿ ಓದಿದರು. "ಮೂರು ತಪ್ಪಿದೆ. ಒಂದು ಹುಡುಗನ ಹೆಸರಲ್ಲೇ" ಅಂದರು. ಅಷ್ಟರಲ್ಲಿ ಮುನ್ನೂರು ಪ್ರತಿ ಹಂಚಿ ಆಗಿತ್ತು. ಸರಿ, ಆದದ್ದು ಆಯಿತು, ಬಾಯಿ ಮುಚ್ಚಿಕೊಂಡು ಇರಬಹುದಿತ್ತಲ್ಲ? ಎಲ್ಲಿ! ಮದುವೆಯ ದಿನ ಬಾಗಿಲಲ್ಲಿ ನಿಂತು, ಬಂದ ನೆಂಟರಿಗೆ ಊಟದ ಹಾಲ್ ಯಾವ ಕಡೆ ಅಂತ ಹೇಳುವುದು ಬಿಟ್ಟು, ಎಷ್ಟನೇ ಸಾಲಿನಲ್ಲಿ ಏನು ತಪ್ಪಿದೆ ಅಂತ ಹೇಳಿ ಒಳಗೆ ಕಳಿಸಿದರು. ನನ್ನ ಅತ್ತೆ ಇವತ್ತಿಗೂ ಆ ಮಾತೆತ್ತಿ ಚುಚ್ಚುತ್ತಾರೆ.

ಅವರ ಕಸುಬೇ ಅದು. ದೊಡ್ಡ ಅಚ್ಚುಕೂಟವೊಂದರಲ್ಲಿ ಕರಡು ತಿದ್ದುತ್ತಿದ್ದರು. ಅಕ್ಕ ಅಲ್ಲೇ ಮೂಲಪ್ರತಿ ಓದುವ ಕೆಲಸಕ್ಕೆ ಸೇರಿದ್ದಳು. ಅವಳು ಅಲ್ಪವಿರಾಮ, ಪೂರ್ಣವಿರಾಮಗಳನ್ನೂ ಬಿಡದೆ ಗಟ್ಟಿಯಾಗಿ ಓದುವುದು, ಇವರು ಅಚ್ಚಾದ ಹಾಳೆಯ ಮೇಲೆ ಕಣ್ಣು ನೆಟ್ಟು ಹ್ಞೂಂ, ಹ್ಞೂಂ ಅನ್ನುವುದು. ರೈಲಿನ ವೇಳಾಪಟ್ಟಿ, ಔಷಧಿ ಡಬ್ಬಿಯೊಳಗಿನ ಚೀಟಿ, ಒಂದು ಇಡೀ ನಿಘಂಟು, ಎಲ್ಲವನ್ನೂ ಹೀಗೆ ಓದಿದರಂತೆ. ನಿಘಂಟು ಓದುತ್ತ ಓದುತ್ತ ಪ್ರೀತಿ ಮಾಡಿದವರನ್ನು ನಾನು ಬೇರೆಲ್ಲೂ ಕಂಡಿಲ್ಲ. 'ಮ' ಅಕ್ಷರ ಮುಗಿಯುವ ಹೊತ್ತಿಗೆ ಮದುವೆಯ ಮಾತಾಗಿತ್ತು ಅಂತ ಅಕ್ಕ ನಗುತ್ತಾಳೆ. ನನಗೆ ನಗು ಬರುವುದಿಲ್ಲ.

ಅಚ್ಚುಕೂಟ ಮುಚ್ಚಿತು. ಭಾವ ಮನೆಯಲ್ಲಿ ಕೂತು ಸೋಪಿನ ಪೊಟ್ಟಣದ ಮೇಲಿನ ಅಕ್ಷರಗಳನ್ನು ತಿದ್ದತೊಡಗಿದರು. ಅಕ್ಕ ಫೋನು ಮಾಡಿ ಅತ್ತಳು. "ಹೇಗಾದ್ರೂ ಮಾಡಿ ಇವರಿಗೊಂದು ಕೆಲಸ ಕೊಡಿಸೇ. ಇಲ್ಲದಿದ್ರೆ ಇವರಿಗಿಂತ ಮುಂಚೆ ನನಗೆ ಹುಚ್ಚು ಹಿಡಿಯುತ್ತೆ." ಅಕ್ಕನ ಮುಖ ನೋಡಿಕೊಂಡು ನನ್ನ ಕೊರಳಿಗೆ ನಾನೇ ಹಗ್ಗ ಬಿಗಿದುಕೊಂಡೆ. ನಮ್ಮ ಆಫೀಸಿನಲ್ಲೇ ಕೆಲಸ ಕೊಡಿಸಿದೆ.

ನಮ್ಮ ಆಫೀಸಿನ ಕೆಲಸ ಏನು ಅಂತ ಹೇಳಲು ಹೊರಟರೆ ನೆಂಟರೆಲ್ಲ ಆಕಳಿಸುತ್ತಾರೆ. ಆದರೂ ಚಿಕ್ಕದಾಗಿ ಹೇಳುತ್ತೇನೆ. ಶಾಲೆಯಲ್ಲಿ ಪ್ರಮೇಯ ಸಾಧಿಸುತ್ತಿದ್ದಿರಲ್ಲ, ಹೆಜ್ಜೆ ಹೆಜ್ಜೆಯಾಗಿ? ಅಂಥ ಸಾಧನೆಯನ್ನು ಕೊಟ್ಟರೆ ಒಂದೊಂದು ಹೆಜ್ಜೆಯನ್ನೂ ಪರೀಕ್ಷಿಸಿ ಸರಿಯೋ ತಪ್ಪೋ ಹೇಳುವ ತಂತ್ರಾಂಶವನ್ನು ನಾವು ಮಾಡುತ್ತೇವೆ. ಪ್ರೂವರ್ ಅನ್ನುತ್ತೇವೆ ಅದಕ್ಕೆ. ರೈಲಿನ ಸಿಗ್ನಲ್ ಮಾಡುವ ಕಂಪನಿಗಳು, 'ಎದುರುಬದುರು ಎರಡು ರೈಲಿಗೆ ಒಟ್ಟಿಗೆ ಹಸಿರು ದೀಪ ಬರುವುದೇ ಇಲ್ಲ' ಅಂತ ಸಾಧಿಸಿ ತೋರಿಸಬೇಕಾದಾಗ ಅದನ್ನು ಬಳಸುತ್ತವೆ. ಸಾಧನೆ ಸರಿಯಿದ್ದರೆ ಪ್ರೂವರ್ ತುಟಿ ಪಿಟಕ್ಕೆನ್ನುವುದಿಲ್ಲ. ತಪ್ಪಿದ್ದರೆ 'ಈ ಹೆಜ್ಜೆಗೆ ಆಧಾರವಿಲ್ಲ, ಸಾಲು ಏಳು' ಅಂತ ಒಂದು ಸಾಲು ಹೇಳುತ್ತದೆ.

ಈ ಪ್ರೂವರನ್ನೇ ಪರೀಕ್ಷಿಸಲು ಕೆಲವು ಸಾವಿರ ಪುಟ್ಟ ಕಡತಗಳಿವೆ. ಒಂದೊಂದರ ಪಕ್ಕದಲ್ಲೂ, ಇದಕ್ಕೆ ಪ್ರೂವರ್ ಏನು ಹೇಳಬೇಕು ಅನ್ನುವ ಉತ್ತರ ಅಕ್ಷರ ಅಕ್ಷರ ಬರೆದಿಟ್ಟಿರುತ್ತದೆ. ಬೇಕಂತಲೇ ತಪ್ಪು ಬರೆದ ಸಾಧನೆಗಳೂ ಅದರಲ್ಲಿವೆ, ಪ್ರೂವರ್ ಅವುಗಳನ್ನು ಹಿಡಿಯುತ್ತದೋ ಇಲ್ಲವೋ ನೋಡುವುದಕ್ಕೆ. ನಾವು ಏನಾದರೂ ಬದಲಾಯಿಸಿದಾಗ ಎಲ್ಲ ಕಡತಗಳನ್ನೂ ಓಡಿಸಿ, ಬಂದ ಉತ್ತರವನ್ನೂ ಬರೆದಿಟ್ಟ ಉತ್ತರವನ್ನೂ ಹೋಲಿಸುತ್ತೇವೆ. ಹೊಂದಲಿಲ್ಲ ಅಂದರೆ ಕೆಂಪು. ಕೆಲವೊಮ್ಮೆ ಹೊಸ ಉತ್ತರವೇ ಸರಿಯಿರುತ್ತದೆ. ಆಗ ಯಾರಾದರೂ ಓದಿ ನೋಡಿ, ಇನ್ನು ಮುಂದೆ ಇದೇ ಉತ್ತರ ಅಂತ ಒಪ್ಪಿಗೆ ಒತ್ತಬೇಕು. ಒಪ್ಪಿದ ಕಡತ ಪಟ್ಟಿಯಿಂದ ಮಾಯವಾಗುತ್ತದೆ. ಒಂದೊಂದಾಗಿಯೂ ಒಪ್ಪಬಹುದು, ಒಂದೇ ಏಟಿಗೆ ಎಲ್ಲವನ್ನೂ ಒಪ್ಪುವ ಗುಂಡಿಯೂ ಇದೆ.

ಈ ಓದುವ ಕೆಲಸಕ್ಕೆ ಭಾವ ಬಂದರು. ಗಣಿತದ ಗಂಧಗಾಳಿ ಇಲ್ಲ. ಅವರಿಗೆ ಅದು ಬೇಕಾಗಿಯೂ ಇರಲಿಲ್ಲ. ಎಡಗಡೆ ಹಳೆಯದು, ಬಲಗಡೆ ಹೊಸದು, ಪರದೆಯ ಮೇಲೆ ಅಡಿಕೋಲು, ಹ್ಞೂಂ, ಹ್ಞೂಂ. ಪ್ರೂವರ್ ಹೇಳುವ ತಪ್ಪಿನ ಸಾಲುಗಳಿಗೆ ಅವರು ಇಟ್ಟ ಹೆಸರು ಬೈಗುಳ. "ಏನಮ್ಮ, ಈ ಕಡತಕ್ಕೆ ಮೊದಲು ಎರಡು ಬೈಗುಳ ಇತ್ತು, ಈಗ ಒಂದೇ ಇದೆ. ಇನ್ನೊಂದು ಎಲ್ಲಿ ಹೋಯ್ತು?" ಅಂತ ನನ್ನ ಮೇಜಿನ ಹತ್ತಿರ ಬಂದು ನಿಲ್ಲುವರು. ದಿನಕ್ಕೆ ಹತ್ತು ಸಲ. ಹತ್ತರಲ್ಲಿ ಒಂಬತ್ತು ಸಲ ಏನೂ ಇರುತ್ತಿರಲಿಲ್ಲ. ಹತ್ತನೆಯದರಲ್ಲಿ ನನ್ನ ತಪ್ಪು ಇರುತ್ತಿತ್ತು, ಅದೂ ಎಲ್ಲರ ಎದುರಿಗೆ. ಆಫೀಸಿನವರು ಅವರಿಗೆ ಭೂತಗನ್ನಡಿ ಅಂತ ಹೆಸರಿಟ್ಟರು. ಒಪ್ಪುವ ಹೆಸರು. ಬಿಸಿಲಲ್ಲಿ ಹಿಡಿದರೆ ಸುಡುವುದೂ ಅದೇ ತಾನೇ?

ಆವತ್ತಿನ ವಿಷಯಕ್ಕೆ ಬರುತ್ತೇನೆ. ಹೊಸ ಆವೃತ್ತಿ ಸಂಜೆ ಐದಕ್ಕೆ ಹೊರಗೆ ಹೋಗಬೇಕು. ನಮ್ಮ ಮುಖ್ಯಸ್ಥ ಬಾಯಿ ತೆಗೆದರೆ ಅದೊಂದೇ ಮಾತು, ಅದಕ್ಕೇ ಅವನನ್ನು ನಾವು ಗಡುವು ಅನ್ನುತ್ತೇವೆ. ಗಡುವು ಬೆಳಿಗ್ಗೆಯಿಂದ ನನ್ನ ಬೆನ್ನು ಹತ್ತಿದ್ದ. ನಾನು ಮಾಡಿದ್ದು ಚಿಕ್ಕ ಬದಲಾವಣೆ. ಬೈಗುಳದ ಕೊನೆಯಲ್ಲಿ ಬರುತ್ತಿದ್ದ ಸಾಲಿನ ಸಂಖ್ಯೆಯನ್ನು ಮೊದಲಿಗೆ ತಂದಿದ್ದೆ, ಅಷ್ಟೇ. ಆದರೆ ಅದರಿಂದ ಮುನ್ನೂರ ಹನ್ನೆರಡು ಕಡತ ಕೆಂಪಾದವು. ಮುನ್ನೂರ ಹನ್ನೆರಡನ್ನೂ ಭೂತಗನ್ನಡಿ ಓದಬೇಕು.

ಭೂತಗನ್ನಡಿ ಬೆಳಿಗ್ಗೆ ಹಲ್ಲು ಕೀಳಿಸಲು ಹೋಗಿದ್ದರು! ಅದಕ್ಕೂ ಅವರಿಗೆ ಅದೇ ದಿನ ಬೇಕಾಗಿತ್ತು. ಎರಡು ಗಂಟೆಗೆ ಊದಿದ ಕೆನ್ನೆ ಹೊತ್ತುಕೊಂಡು ಬಂದು, ನೋವಿನ ಮಾತ್ರೆ ನುಂಗಿ, ಅಡಿಕೋಲು ಹಿಡಿದರು. ನಾನು ಹತ್ತು ನಿಮಿಷಕ್ಕೊಮ್ಮೆ ಹೋಗಿ ಇಣುಕಿದೆ. ಎಪ್ಪತ್ತು. ತೊಂಬತ್ತೈದು. ನೂರ ಇಪ್ಪತ್ತು. "ಎಲ್ಲಾ ಒಂದೇ ಥರ ಇದೆ ಭಾವ, ಸಂಖ್ಯೆ ಹಿಂದಿದ್ದದ್ದು ಮುಂದೆ ಬಂದಿದೆ, ಒತ್ತಿಬಿಡಿ" ಅಂದೆ. "ಒಂದೇ ಥರ ಇದೆ ಅಂತ ಓದಿದ ಮೇಲೆ ತಾನೇ ಗೊತ್ತಾಗೋದು?" ಅಂದರು ಊದಿದ ಬಾಯಲ್ಲೇ. ನನಗೆ ಪಿತ್ತ ನೆತ್ತಿಗೇರಿತು.

ಮೂರೂಕಾಲಿಗೆ ಅವರಿಗೆ ಕಣ್ಣು ಮಂಜಾಯಿತು, ಮಾತ್ರೆಯ ಅಮಲು. "ಹತ್ತು ನಿಮಿಷ ಒರಗಿ ಬರ್ತೀನಮ್ಮ" ಅಂತ ಪ್ರಥಮ ಚಿಕಿತ್ಸೆಯ ಕೋಣೆಗೆ ಹೋಗಿ ಮಲಗಿದವರು ನಿದ್ದೆ ಹೋದರು. ಕಂಪ್ಯೂಟರ್ ಅವರ ಹೆಸರಿನಲ್ಲಿ ತೆರೆದೇ ಇತ್ತು. ಪಟ್ಟಿಯಲ್ಲಿ ನೂರ ಎಪ್ಪತ್ತೆರಡು ಉಳಿದಿತ್ತು. ನಾನು ಅವರ ಕುರ್ಚಿಯಲ್ಲಿ ಕೂತು ಮೊದಲ ನಾಲ್ಕು ನೋಡಿದೆ. ಸಂಖ್ಯೆ ಹಿಂದಿದ್ದದ್ದು ಮುಂದೆ. ಐದನೆಯದನ್ನು ನೋಡಲಿಲ್ಲ. ಎಲ್ಲವನ್ನೂ ಒಪ್ಪುವ ಗುಂಡಿ ಒತ್ತಿದೆ. ಪಟ್ಟಿ ಖಾಲಿಯಾಯಿತು, ಪರದೆ ಹಸಿರಾಯಿತು. ಮೂರು ನಲವತ್ತು.

ಇಲ್ಲಿಯವರೆಗೆ ಮಾಡಿದ್ದನ್ನು ಯಾರಾದರೂ ಕ್ಷಮಿಸಬಹುದೇನೋ. ಮುಂದಿನದನ್ನು ಕೇಳಿ. ನಾಲ್ಕು ಗಂಟೆಗೆ ಭಾವ ಕಣ್ಣುಜ್ಜಿಕೊಂಡು ಬಂದರು. ಖಾಲಿ ಪಟ್ಟಿ ನೋಡಿ ನಿಂತರು. ಅಡಿಕೋಲನ್ನು ಕೈಯಲ್ಲಿ ತಿರುಗಿಸಿದರು. "ಏನಮ್ಮ, ನಾನು ಮುಗಿಸಿಬಿಟ್ಟಿದ್ನಾ?" ಅಂತ ಕೇಳಿದರು. "ಹ್ಞೂಂ ಭಾವ, ಮುಗಿಸಿಯೇ ತಾನೇ ನೀವು ಮಲಗಿದ್ದು? ನಾನೇ ನೋಡಿದೆನಲ್ಲ" ಅಂದೆ. ನಾಲಿಗೆ ಒಂದಿಷ್ಟೂ ತೊದಲಲಿಲ್ಲ. ಅವರು "ಹೌದಾ?" ಅಂತ ಕೂತರು.

ಮೂರು ವಾರ ಕಳೆದ ಮೇಲೆ ಸಿಗ್ನಲ್ ಕಂಪನಿಯಿಂದ ಕಾಗದ ಬಂತು. ಅವರ ಎಂಜಿನಿಯರೊಬ್ಬ, ಸಾಧಿಸಬೇಕಾದದ್ದನ್ನೇ ಆಧಾರವಾಗಿ ಇಟ್ಟುಕೊಂಡು ಸಾಧನೆ ಬರೆದಿದ್ದನಂತೆ. ನಾನು ಹೇಳಿದ್ದು ನಿಜ, ಯಾಕೆಂದರೆ ನಾನು ಹೇಳಿದೆ, ಅಂದ ಹಾಗೆ. ಪ್ರೂವರ್ ಅದನ್ನು ಬೈಯದೆ ಸರಿ ಅಂದಿತ್ತು. ಪುಣ್ಯಕ್ಕೆ ಅವರಲ್ಲೇ ಯಾರೋ ಗಮನಿಸಿದರು, ಸಿಗ್ನಲ್ಲಿನವರೆಗೆ ಹೋಗಲಿಲ್ಲ.

ಕಾರಣ ಹುಡುಕಲು ನನಗೆ ಅರ್ಧ ಗಂಟೆ ಹಿಡಿಯಿತು. ಇಂಥ ಸುತ್ತುವ ಸಾಧನೆಯಲ್ಲಿ ತಪ್ಪು ಒಂದು ಸಾಲಿನದಲ್ಲ, ಇಡೀ ಸಾಧನೆಯದು, ಹಾಗಾಗಿ ಆ ಬೈಗುಳಕ್ಕೆ ಸಾಲಿನ ಸಂಖ್ಯೆಯೇ ಇರಲಿಲ್ಲ. ಸಂಖ್ಯೆಯನ್ನು ಮುಂದಕ್ಕೆ ತರಲು ಹೋಗಿ, ಸಂಖ್ಯೆಯಿಲ್ಲದ ಬೈಗುಳವನ್ನು ನಾನು ಪೂರ್ತಿ ನುಂಗಿಸಿಬಿಟ್ಟಿದ್ದೆ. ಪರೀಕ್ಷೆಯ ಕಡತಗಳಲ್ಲಿ ಅಂಥದ್ದು ಒಂದೇ ಒಂದಿತ್ತು, ಆವತ್ತಿನ ಕೆಂಪು ಪಟ್ಟಿಯಲ್ಲಿ ಇನ್ನೂರ ಏಳನೆಯದು. ಆ ಕಡತ ಆವತ್ತು ಕೆಂಪಾಗಿ ಕೂಗಿತ್ತು. ಎಡಗಡೆ ಬೈಗುಳ, ಬಲಗಡೆ ಬರೀ ಖಾಲಿ. ಕಣ್ಣಿದ್ದವರು ಯಾರಾದರೂ ನೋಡುತ್ತಿದ್ದರು. ಈಗ ಖಾಲಿಯೇ ಅದರ ಸರಿಯುತ್ತರವಾಗಿ ಕೂತಿತ್ತು.

ಗಡುವು ವಿಚಾರಣೆ ಇಟ್ಟ. ನನ್ನನ್ನು ಬೈಯಲೇ ಇಲ್ಲ! "ಕೋಡ್ ಬರೆಯೋರು ತಪ್ಪು ಮಾಡ್ತಾರೆ. ಅದನ್ನ ಹಿಡಿಯೋಕೆ ತಾನೇ ಪರೀಕ್ಷೆ ಇರೋದು? ಪರೀಕ್ಷೆ ಕೂಗಿದೆ, ಇವರು ಅದರ ಬಾಯಿ ಮುಚ್ಚಿದ್ದಾರೆ" ಅಂತ ಭಾವನ ಕಡೆ ತಿರುಗಿದ. "ನೂರ ಎಪ್ಪತ್ತೆರಡು ಕಡತ ಒಂದೇ ಏಟಿಗೆ! ದಾಖಲೆಯಲ್ಲಿ ನಿಮ್ಮ ಹೆಸರಿದೆ, ಹೊತ್ತು ಇದೆ. ಏನ್ ಹೇಳ್ತೀರಿ?"

ಭಾವ ಆ ದಾಖಲೆಯನ್ನು ತರಿಸಿಕೊಂಡು ಓದಿದರು. ಎರಡು ಸಲ ಓದಿದರು. ಆವತ್ತು ತಾವು ಮಲಗಿದ್ದು ಎಷ್ಟು ಹೊತ್ತಿಗೆ ಅನ್ನುವುದೇ ಮಾತ್ರೆಯ ಅಮಲಿನಲ್ಲಿ ಅವರಿಗೆ ಗೊತ್ತಾಗಿರಲಿಲ್ಲ. "ನಾನು ಹಾಗೆ ಮಾಡೋನಲ್ಲ" ಅಂದರು. ಆಮೇಲೆ, "ಆದ್ರೆ ಬರೆದಿದೆಯಲ್ಲ" ಅಂದರು. ಬರೆದದ್ದರ ಮೇಲೆ ಅಷ್ಟು ನಂಬಿಕೆ ಆ ಪ್ರಾಣಿಗೆ. ಕೂಗಾಡಬಾರದಿತ್ತೇ? ಮೇಜು ಗುದ್ದಬಾರದಿತ್ತೇ? ಒಂದು ಸಲ ನನ್ನ ಕಡೆ ಕೈ ತೋರಿಸಿದ್ದರೂ ನಾನು ಒಪ್ಪಿಕೊಂಡುಬಿಡುತ್ತಿದ್ದೆ ಅಂತ ಎಷ್ಟೋ ಸಲ ಅಂದುಕೊಂಡಿದ್ದೇನೆ. ಸುಳ್ಳು. ನಾನು ಆವತ್ತು ನನ್ನ ಚಪ್ಪಲಿಯ ಬಕಲ್ ನೋಡುತ್ತ ಕೂತಿದ್ದೆ. ತೀರ್ಮಾನವಾಗುವವರೆಗೆ ಮನೆಯಲ್ಲಿರಿ ಅಂತ ಅವರನ್ನು ಕಳಿಸಿದರು.

ಕೆಲಸ ಹೋದರೆ ಹೋಗಲಿ, ಇನ್ನೊಂದು ಕೊಡಿಸಿದರಾಯಿತು ಅಂತ ನನಗೆ ನಾನೇ ಹೇಳಿಕೊಂಡೆ. ಆಗಿದ್ದು ಬೇರೆ. ಭಾವ ತಮ್ಮನ್ನು ತಾವು ನಂಬುವುದನ್ನು ಬಿಟ್ಟರು. ನಾಲ್ಕನೆಯ ದಿನ ಅಕ್ಕನ ಮನೆಗೆ ಹೋದಾಗ ಅವರು ಪೇಪರ್ ಹಿಡಿದಿರಲಿಲ್ಲ. ಅಕ್ಕ ಓದುತ್ತಿದ್ದಳು, ಅವರು ಗೋಡೆ ನೋಡುತ್ತ ಕೇಳುತ್ತಿದ್ದರು. ಕಣ್ಣಿನ ಡಾಕ್ಟರಿಗೆ ತೋರಿಸಿಯಾಗಿತ್ತು. ಕಣ್ಣು ಚೆನ್ನಾಗಿಯೇ ಇದೆ ಅಂದರಂತೆ. ಅದನ್ನು ಕೇಳಿ ಬೇರೆಯವರಾಗಿದ್ದರೆ ಖುಷಿಪಡುತ್ತಿದ್ದರು. ಇವರು, "ಹಾಗಾದ್ರೆ ತಲೇಲೇ ಏನೋ ಆಗಿದೆ" ಅಂದರಂತೆ.

"ನೂರ ನಲವತ್ತರವರೆಗೆ ಒಂದೊಂದು ಕಡತವೂ ನೆನಪಿದೆ ಕಣಮ್ಮ. ಆಮೇಲೆ ಏನೂ ಇಲ್ಲ. ಒರೆಸಿ ಹಾಕಿದ ಹಾಗಿದೆ. ಇನ್ನೇನೇನು ಹೀಗೆ ಒರೆಸಿ ಹೋಗಿದೆಯೋ" ಅಂದರು ನನಗೆ. ಅಕ್ಕ ಅಡುಗೆಮನೆಗೆ ಎದ್ದು ಹೋದಳು. ನಾನು ಅಲ್ಲೇ ಕೂತು ಅವಳು ಬಡಿಸಿದ್ದನ್ನು ತಿಂದೆ. ಉಪ್ಪು ಕಡಿಮೆ ಅಂತ ಹೇಳಿ ಹಾಕಿಸಿಕೊಂಡೂ ತಿಂದೆ. ಇಂಥ ಹೆಂಗಸು ನಾನು.

ಹತ್ತನೆಯ ದಿನ ಅಕ್ಕನ ಫೋನು. "ನಾಳೆ ನರದ ಡಾಕ್ಟರ ಹತ್ತಿರ ಸಮಯ ಸಿಕ್ಕಿದೆ. ನೀನೂ ಬಾರೇ. ಆವತ್ತು ಅಲ್ಲಿದ್ದವಳು ನೀನು. ಡಾಕ್ಟರು ಕೇಳಿದ್ರೆ ಹೇಳೋಕೆ ಬೇಕು." ಬರುವುದಿಲ್ಲ ಅನ್ನಲು ನೂರು ನೆಪ ಇತ್ತು. ಒಂದೂ ಬಾಯಿಗೆ ಬರಲಿಲ್ಲ. ನನ್ನ ಕಾರಿನಲ್ಲೇ ಇಬ್ಬರನ್ನೂ ಕರೆದುಕೊಂಡು ಹೋದೆ.

ಡಾಕ್ಟರು ವಯಸ್ಸಾದ ಹೆಂಗಸು, ಮೆತ್ತಗಿನ ದನಿ. ಐದು ಶಬ್ದ ಹೇಳಿ ಮತ್ತೆ ಹೇಳಿ ಅಂದರು. ಭಾವ ಹೇಳಿದರು. ಗಡಿಯಾರ ಬರೆದು ಮುಳ್ಳು ಹಾಕಿ ಅಂದರು. ಹಾಕಿದರು. ನೂರರಿಂದ ಏಳೇಳು ಕಳೆಯುತ್ತಾ ಬನ್ನಿ ಅಂದರು. ಭಾವ ಎರಡರವರೆಗೂ ಇಳಿದು, ಇನ್ನು ಹೋಗಲ್ಲ ಅಂದರು. ಪ್ರತಿ ಉತ್ತರಕ್ಕೂ ಮೊದಲು ಅಕ್ಕನ ಮುಖ ನೋಡುತ್ತಿದ್ದರು, ಸರಿಯಿದೆಯಾ ಅಂತ. ಜಗತ್ತಿನ ತಪ್ಪನ್ನೆಲ್ಲ ಬೆರಳಿಟ್ಟು ತೋರಿಸಿದ ಮನುಷ್ಯ, ನೂರರಲ್ಲಿ ಏಳು ಹೋದರೆ ಎಷ್ಟು ಅಂತ ಹೆಂಡತಿಯನ್ನು ಕಣ್ಣಲ್ಲೇ ಕೇಳುತ್ತಿದ್ದರು. ನನಗೆ ಅವರ ಮೇಲೆ ಸಿಟ್ಟೇ ಬಂತು. ಅಳು ಬರಬೇಕಾದ ಕಡೆ ನನಗೆ ಸಿಟ್ಟು ಬರುತ್ತದೆ.

"ಇದೆಲ್ಲ ಚೆನ್ನಾಗಿಯೇ ಇದೆ" ಅಂದರು ಡಾಕ್ಟರು. "ಆದ್ರೆ ಆವತ್ತು ಮಧ್ಯಾಹ್ನ ಮಾಡಿದ ಕೆಲಸ ಪೂರ್ತಿ ಮರೆತಿದ್ದೀರಿ ಅಂತೀರಲ್ಲ, ಅದನ್ನ ಹಾಗೇ ಬಿಡೋ ಹಾಗಿಲ್ಲ. ಸ್ಕ್ಯಾನ್ ಮಾಡಿಸೋಣ." ಚೀಟಿಯ ಮೇಲೆ ಬರೆದುಕೊಂಡರು. "ಮಾಡಿದ್ದು ನೀವೇ ಅನ್ನೋದು ಖಂಡಿತಾನಾ?"

"ಖಂಡಿತ" ಅಂದರು ಭಾವ. "ಇವಳು ಕಣ್ಣಾರೆ ನೋಡಿದ್ದಾಳೆ. ನನ್ನ ಹೆಂಡತಿಯ ತಂಗಿ. ಇವಳು ಇಲ್ಲದ್ದನ್ನ ಹೇಳೋಳಲ್ಲ. ಕೇಳಿ ಬೇಕಾದ್ರೆ."

ಡಾಕ್ಟರು ನನ್ನ ಕಡೆ ತಿರುಗಿದರು. "ನೀವು ನೋಡಿದ್ರಾ?"

"ಇಲ್ಲ" ಅಂದೆ. "ಅವರಿಗೆ ನೆನಪಿಲ್ಲ ಯಾಕಂದ್ರೆ ಅವರು ಮಾಡೇ ಇಲ್ಲ. ಅವರು ಮಲಗಿದ್ರು. ಅವರ ಕುರ್ಚೀಲಿ ಕೂತು ಒತ್ತಿದ್ದು ನಾನು. ಅವರು ಬಂದು ಕೇಳಿದಾಗ, ನೀವೇ ಮುಗಿಸಿದ್ರಿ ಅಂತ ಸುಳ್ಳು ಹೇಳಿದೆ."

ಅಕ್ಕ ಕುರ್ಚಿಯ ಕೈ ಹಿಡಿದುಕೊಂಡಳು. ಭಾವ ನನ್ನ ಕಡೆ ಪೂರ್ತಿ ತಿರುಗಿ ಕೂತರು.

"ಇನ್ನೊಂದು ಸಲ ಹೇಳು" ಅಂದರು.

ಹೇಳಿದೆ.

"ಎಷ್ಟು ಗಂಟೆಗೆ ಒತ್ತಿದ್ದು?"

"ಮೂರು ನಲವತ್ತಕ್ಕೆ."

"ಪಟ್ಟೀಲಿ ಎಷ್ಟು ಉಳಿದಿತ್ತು?"

"ನೂರ ಎಪ್ಪತ್ತೆರಡು."

"ಅಂದ್ರೆ ನೂರ ನಲವತ್ತರವರೆಗೆ ನಾನು ಓದಿದ್ದು ನಿಜ."

"ನಿಜ ಭಾವ."

ಅವರು ಡಾಕ್ಟರ ಕಡೆ ತಿರುಗಿದರು. ಹತ್ತು ದಿನದಿಂದ ಕೇಳದಿದ್ದ ಆ ಹಳೆಯ, ಮೈ ಉರಿಸುವ ದನಿ ವಾಪಸ್ ಬಂದಿತ್ತು. "ಆ ಚೀಟೀಲಿ ಮರೆವು ಅಂತ ಬರೆದಿದ್ದೀರಲ್ಲ, ಎರಡನೇ ಸಾಲು, ಅದನ್ನ ಹೊಡೆದು ಹಾಕಿ. ಪಕ್ಕದಲ್ಲಿ ಸಹಿ ಮಾಡಿ." ಡಾಕ್ಟರು ಹೊಡೆದು ಹಾಕಿ ಸಹಿ ಮಾಡಿದರು. ಭಾವ ಅದನ್ನು ಇಸಿದುಕೊಂಡು ಓದಿ, ಮಡಚಿ ಜೇಬಿನಲ್ಲಿಟ್ಟುಕೊಂಡು ಹೊರಗೆ ನಡೆದರು.

ಕಾರಿನ ಬಾಗಿಲು ತೆಗೆದು ನಿಂತೆ. ಇಬ್ಬರೂ ಹತ್ತಲಿಲ್ಲ. ಅಕ್ಕ ನನ್ನ ಎದುರು ಬಂದು ನಿಂತಳು. ಅವಳು ನನ್ನನ್ನು ಎತ್ತಿ ಆಡಿಸಿದವಳು, ಒಂದು ದಿನ ಗದರಿದವಳಲ್ಲ.

"ಹನ್ನೊಂದು ದಿನ" ಅಂದಳು. "ಗ್ಯಾಸ್ ಆರಿಸಿದ್ರಾ ಅಂತ ಇವರ ಹಿಂದೆ ಹಿಂದೆ ಹೋಗಿ ನೋಡ್ತಿದ್ದೆ. ಒಬ್ಬರೇ ಹೊರಗೆ ಹೋದ್ರೆ ದಾರಿ ತಪ್ಪಿಬಿಡ್ತಾರೆ ಅಂತ ಬಾಗಿಲಿಗೆ ಬೀಗ ಹಾಕ್ತಿದ್ದೆ. ಅಂಗಡಿಯವನು ಚಿಲ್ಲರೆ ಕೊಟ್ರೆ ಇವರ ಕೈಯಿಂದ ಕಿತ್ತುಕೊಂಡು ನಾನು ಎಣಿಸ್ತಿದ್ದೆ. ಇವರ ಎದುರಿಗೇ ಎಣಿಸ್ತಿದ್ದೆ ಕಣೇ. ನೀನು ನಮ್ಮನೇಲಿ ಕೂತು ನೋಡ್ಕೊಂಡು ಊಟ ಮಾಡ್ತಿದ್ದೆ."

"ಅಕ್ಕಾ..."

"ಮುಚ್ಚು ಬಾಯಿ."

ಭಾವ ಮಾತ್ರ ಒಂದೇ ಮಾತು ಹೇಳಿದರು. "ಆಫೀಸಲ್ಲಿ ಬರೆದು ಕೊಡು. ಬಾಯಿಮಾತು ಬೇಡ." ಇಬ್ಬರೂ ಬಸ್ ಸ್ಟಾಪಿನ ಕಡೆ ನಡೆದರು.

ಮಾರನೆಯ ದಿನ ಬರೆದು ಕೊಟ್ಟೆ. ಗಡುವು ಓದಿ, "ಈಗ ಯಾಕೆ ಇದೆಲ್ಲ, ಗಿರಾಕಿಗಳಿಗೆ ಆಗಲೇ ಓದಿದವರ ತಪ್ಪು ಅಂತ ಹೇಳಿಯಾಗಿದೆ" ಅಂತ ಗೊಣಗಿದ. ಅದನ್ನು ವಾಪಸ್ ತಗೊಳ್ಳಿ, ಇಲ್ಲದಿದ್ದರೆ ನಾನೇ ಒಬ್ಬೊಬ್ಬ ಗಿರಾಕಿಗೂ ಬರೆಯುತ್ತೇನೆ ಅಂತ ಇಡೀ ಮಹಡಿಗೆ ಕೇಳುವ ಹಾಗೆ ಕಿರುಚಿದೆ. ಆ ಮೇಲೆ ಒಪ್ಪಿದ. ನನ್ನನ್ನು ಪ್ರೂವರ್ ಕೆಲಸದಿಂದ ತೆಗೆದು ಕೈಪಿಡಿ ಬರೆಯಲು ಹಾಕಿದರು. ಭಾವನನ್ನು ವಾಪಸ್ ಕರೆದರು. ಸೋಮವಾರ ಬಂದು ಕೂತರು, ಪರದೆ, ಅಡಿಕೋಲು, ಹ್ಞೂಂ, ಹ್ಞೂಂ. ನನ್ನ ಜೊತೆ ಮಾತಿಲ್ಲ. ನಾನು ಬರೆದ ಕೈಪಿಡಿಯ ಪುಟಗಳು ಅವರ ಮೇಜಿಗೆ ಹೋಗಿ, ಒಂದೊಂದು ಸಾಲೂ ತಿದ್ದಿಸಿಕೊಂಡು, ಬೇರೆಯವರ ಕೈಯಲ್ಲಿ ವಾಪಸ್ ಬರುತ್ತವೆ. ಅಕ್ಕ ಫೋನು ಎತ್ತುವುದಿಲ್ಲ.

ಈಗಲೂ ಅವರನ್ನು ಕಂಡರೆ ನನಗೆ ಆಗುವುದಿಲ್ಲ. ಆದರೆ ನನ್ನ ಮೇಜಿನಿಂದ ಅವರ ಮೇಜು ಕಾಣುತ್ತದೆ. ನೀರು ಕುಡಿಯಲು ಏಳಲಿ, ಬಚ್ಚಲಿಗೆ ಹೋಗಲಿ, ಕುರ್ಚಿ ಬಿಡುವ ಮೊದಲು ಅವರು ಪಟ್ಟಿಯಲ್ಲಿ ಎಷ್ಟು ಉಳಿದಿದೆ ಅಂತ ನೋಡಿ, ಆ ಸಂಖ್ಯೆಯನ್ನು ಪೆನ್ನಿನಿಂದ ಅಂಗೈಯ ಮೇಲೆ ಬರೆದುಕೊಳ್ಳುತ್ತಾರೆ. ವಾಪಸ್ ಬಂದು ಅಂಗೈ ಬಿಚ್ಚಿ, ಪರದೆಯ ಜೊತೆ ಹೋಲಿಸಿ ನೋಡಿಯೇ ಕೂರುತ್ತಾರೆ. ಹಿಂದೆ ಅವರಿಗೆ ಈ ಅಭ್ಯಾಸ ಇರಲಿಲ್ಲ.